ಕೊಳೆತ ಹಣ್ಣಿನ ಲೆಕ್ಕ ಯಾರದ್ದು?

ನಂಜನಗೂಡಿನಿಂದ ಮೈಸೂರಿಗೆ ಹೆಚ್ಚೆಂದರೆ 25 ಕಿಲೋಮೀಟರ್. ಆದರೆ ನಾನು ಮನೆ ಬಿಟ್ಟು, ಬಸ್ಸಿಗೆ ಕಾದು, ಮೈಸೂರಿನಲ್ಲಿಳಿದು ಸಿಟಿ ಬಸ್ ಹಿಡಿದು, ತರಗತಿಯ ಬೆಂಚಿನಲ್ಲಿ ಕೂರುವಷ್ಟರಲ್ಲಿ ಹತ್ತಿರ ಹತ್ತಿರ ಎರಡು ಗಂಟೆ ಆಗಿರುತ್ತದೆ. ಬೆಳಿಗ್ಗೆ ಏಳಕ್ಕೆ ಅಮ್ಮಿ ಕೊಡುವ ಚಹಾ ಮತ್ತು ಎರಡು ರಸ್ಕ್ ಸಿಟಿ ಬಸ್ಸಿನ ಹೊತ್ತಿಗೆ ಕರಗಿಹೋಗಿರುತ್ತವೆ. ಆಮೇಲೆ ಏನಾದರೂ ಸಿಗುವುದು ಹನ್ನೊಂದೂಕಾಲರ ಬಿಡುವಿನಲ್ಲಿ. ಹಾಗಾಗಿ ನಾನು ದಿನವೂ ಬಸ್ ನಿಲ್ದಾಣದ ಹೊರಗೆ ಬುಟ್ಟಿ ಇಟ್ಟುಕೊಂಡು ಕೂರುವ ಒಬ್ಬ ಅಜ್ಜಿಯ ಹತ್ತಿರ ಒಂದು ಪಚ್ಚಬಾಳೆ ಕೊಂಡು ಬಸ್ ಹತ್ತುತ್ತೇನೆ.

ನಂಜನಗೂಡು ಅಂದ ತಕ್ಷಣ ಎಲ್ಲರೂ 'ರಸಬಾಳೆ ಊರಿನವಳು' ಅನ್ನುತ್ತಾರೆ. ಭೌಗೋಳಿಕ ಸೂಚಕ ಪಡೆದ ಹಣ್ಣು ಅದು, ನಿಜ. ಆದರೆ ಪನಾಮ ಸೊರಗು ರೋಗ ತಗುಲಿ ಅದರ ತೋಟಗಳು ಕಡಿಮೆಯಾಗಿ, ನಮ್ಮೂರಿನವರಿಗೇ ಅದು ಅಪರೂಪ. ಅಜ್ಜಿಯ ಬುಟ್ಟಿಯಲ್ಲಿ ಇರುವುದು ಪಚ್ಚಬಾಳೆ, ಪಕ್ಕದಲ್ಲಿ ಎರಡು ಮೂರು ಚಿಪ್ಪು ಏಲಕ್ಕಿ ಬಾಳೆ.

ಆ ಅಜ್ಜಿಯ ಜೊತೆ ಒಂದು ದಿನ ನಾನು ಜಗಳ ಆಡಿದೆ. ಅವರು ಒಂದು ಹಣ್ಣಿಗೆ 8 ರೂಪಾಯಿ ತೆಗೆದುಕೊಳ್ಳುತ್ತಾರೆ. ಅವರೇ ಕಿಲೋ ಲೆಕ್ಕದಲ್ಲಿ 40ಕ್ಕೆ ಕೊಡುತ್ತಾರೆ. ಕಿಲೋಗೆ ಆರು ಹಣ್ಣು ಬರುತ್ತದೆ. ಅಂದರೆ ಒಂದಕ್ಕೆ 6 ರೂಪಾಯಿ 67 ಪೈಸೆ. ಬಿಡಿಯಾಗಿ ಕೊಳ್ಳುವ ವಿದ್ಯಾರ್ಥಿಗೆ ಮಾತ್ರ 1 ರೂಪಾಯಿ 33 ಪೈಸೆ ಜಾಸ್ತಿ ಯಾಕೆ? ವಾಣಿಜ್ಯ ಓದುವವಳೆಂಬ ಜಂಬದಲ್ಲಿ ಇದನ್ನೆಲ್ಲ ಅವರ ಮುಂದೆ ಹೇಳಿದೆ. ಅಜ್ಜಿ ಸಿಟ್ಟಾಗಲಿಲ್ಲ. "ಲೆಕ್ಕ ಚೆನ್ನಾಗಿ ಬತ್ತದೆ ಕಣವ್ವ ನಿಂಗೆ. ಕೊಳ್ತೋಗಿದ್ದಕ್ಕೆ ಯಾರು ದುಡ್ಡು ಕೊಡ್ತಾರೆ, ಅದನ್ನೂ ಸೇರಿಸ್ಕೊ" ಅಂದರು. ಬಸ್ ಬಂತು, ಹತ್ತಿಬಿಟ್ಟೆ. ಆದರೆ ಆ ಮಾತು ಕಡಕೊಳ ದಾಟಿದರೂ ತಲೆಯಿಂದ ಹೋಗಲಿಲ್ಲ.

ಒಂದು ಶನಿವಾರ ಸಂಜೆ ಅವರ ಪಕ್ಕ ಕೂತು ಕೇಳಿ ಕೇಳಿ ಬರೆದುಕೊಂಡೆ. ಅವರು ಹೇಳಿದ ಒಂದು ದಿನದ ಲೆಕ್ಕ ಇದು. ಮಂಡಿಯಿಂದ 20 ಕಿಲೋ, ಕಿಲೋಗೆ 28ರಂತೆ 560 ರೂಪಾಯಿ. ಒಟ್ಟು 120 ಹಣ್ಣು. ಅದರಲ್ಲಿ 100 ಹಣ್ಣು 8 ರೂಪಾಯಿಯಂತೆ ಹೋದರೆ 800. ಕಪ್ಪು ಚುಕ್ಕೆ ಬಂದ ಹನ್ನೆರಡನ್ನು ಸಂಜೆ ಅರ್ಧ ಬೆಲೆಗೆ ಕೊಟ್ಟರೆ 48. ಉಳಿದ ಎಂಟು ಹಸುವಿಗೆ. ಬಂದದ್ದು 848, ಹಾಕಿದ್ದು ಕಳೆದರೆ 288. ಆಟೋಗೆ 60, ಸುಂಕ 20. ಕೈಯಲ್ಲಿ ನಿಲ್ಲುವುದು 208 ರೂಪಾಯಿ. ಅದಕ್ಕೆ ಅವರು ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ಕೂರುತ್ತಾರೆ.

ಈಗ ನಾನು ಕೇಳಿದ ಹಾಗೆ ಆ 100 ಹಣ್ಣನ್ನೂ ಕಿಲೋ ದರದಲ್ಲೇ ಕೊಟ್ಟಿದ್ದರೆ? 133 ರೂಪಾಯಿ ಕಡಿಮೆ. 208ರಲ್ಲಿ 133 ಹೋದರೆ 75 ರೂಪಾಯಿ. ನಾನು ಚೌಕಾಸಿ ಮಾಡಿದ ಆ 1 ರೂಪಾಯಿ 33 ಪೈಸೆ ಅವರ ಲಾಭ ಅಲ್ಲ, ಕೂಲಿ. 'ಒಳನಾಡು ವ್ಯಾಪಾರ' ಪಾಠದಲ್ಲಿ ಚಿಲ್ಲರೆ ವ್ಯಾಪಾರಿ ಸಗಟು ಸರಕನ್ನು ಸಣ್ಣ ಸಣ್ಣ ಪ್ರಮಾಣದಲ್ಲಿ ಒದಗಿಸುತ್ತಾನೆ ಎಂಬ ಒಂದು ಸಾಲು ಬರುತ್ತದೆ. ಎರಡು ಅಂಕದ ಪ್ರಶ್ನೆಗೆಂದು ಅದನ್ನು ಬಾಯಿಪಾಠ ಮಾಡಿದ್ದೆ. ನನಗೆ ಬೇಕಾದ್ದು ಒಂದೇ ಹಣ್ಣು. ಆ ಒಂದನ್ನು ಕೊಡಬೇಕಾದರೆ ಯಾರೋ ಒಬ್ಬರು ಉಳಿದ 119ರ ಅಪಾಯ ಹೊತ್ತು ಕೂರಬೇಕು.

ಪ್ರಯಾಣ ಮಾಡುವವರಿಗೆ ಇಷ್ಟು ಒಗ್ಗುವ ತಿನಿಸು ಬೇರೊಂದಿಲ್ಲ ಅನ್ನುವುದನ್ನು ನಾನು ವಿವರಿಸಬೇಕಾಗಿಲ್ಲ. ತೊಳೆಯುವಂತಿಲ್ಲ, ಚಮಚ ಬೇಡ, ಕೈ ಅಂಟಾಗುವುದಿಲ್ಲ, ನಿಂತುಕೊಂಡು ಒಂದು ಕೈಯಲ್ಲಿ ಕಂಬಿ ಹಿಡಿದೂ ತಿನ್ನಬಹುದು. ಚಿಪ್ಸ್ ಪೊಟ್ಟಣದ ಅರ್ಧ ಗಾಳಿ, ಇದರಲ್ಲಿ ಅದೂ ಇಲ್ಲ. ತಾಜಾ ಹಣ್ಣಾದ್ದರಿಂದ ಜಿಎಸ್‌ಟಿಯೂ ಇಲ್ಲ. "ಕಾರ್ಬೈಡ್ ಹಾಕಿ ಹಣ್ಣು ಮಾಡ್ತಾರಂತೆ" ಎಂದು ಹೇಳುವವರಿದ್ದಾರೆ. ಕ್ಯಾಲ್ಸಿಯಂ ಕಾರ್ಬೈಡ್ ಬಳಕೆಯನ್ನು ಕಾನೂನು ನಿಷೇಧಿಸಿದೆ, ಎಥಿಲೀನ್ ಅನಿಲಕ್ಕೆ ಮಿತಿಯೊಳಗೆ ಅನುಮತಿ ಇದೆ. ಕಾನೂನು ಮುರಿಯುವವರು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಈ ಮಾತನ್ನು ಹೇಳುವ ನನ್ನ ಸಹಪಾಠಿಗಳು ಹೇಳುವಾಗ ಕುರುಕುರು ತಿನ್ನುತ್ತಿರುತ್ತಾರೆ.

ನನಗೆ ಬೇರೆ ಒಂದು ಕಾರಣಕ್ಕೆ ಈ ಹಣ್ಣು ಇಷ್ಟ. ಬಸ್ಸಿನಲ್ಲಿ ನನ್ನ ಪಕ್ಕ ಕೂರುವ ಗೆಳತಿ ಇನ್ನೊಂದು ಕಾಲೇಜಿನವಳು. ಅವರ ಮನೆಯಲ್ಲಿ ಮಾಂಸ ಮಾಡುವುದಿಲ್ಲ. ಮೊದಮೊದಲು ನಾನು ಡಬ್ಬಿ ತೆಗೆಯಲು ಹಿಂಜರಿಯುತ್ತಿದ್ದೆ, ಅವಳು ಕೇಳಲು ಹಿಂಜರಿಯುತ್ತಿದ್ದಳು. ಒಳಗಿದ್ದದ್ದು ಬರೀ ಚಪಾತಿ ಪಲ್ಯ ಆಗಿದ್ದರೂ ಇಬ್ಬರಿಗೂ ಏನೋ ಸಂಕೋಚ. ಬಾಳೆಹಣ್ಣಿಗೆ ಆ ತೊಂದರೆಯೇ ಇಲ್ಲ. ಯಾವ ಪಾತ್ರೆಯಲ್ಲಿ ಮಾಡಿದ್ದು, ಯಾರು ಮಾಡಿದ್ದು ಎಂದು ಯಾರೂ ಕೇಳಬೇಕಾಗಿಲ್ಲ, ಸಿಪ್ಪೆ ಸುಲಿದರೆ ಆಯಿತು. ಅವಳು ಸೋಮವಾರ ನಂಜುಂಡೇಶ್ವರನ ಹೆಸರಲ್ಲಿ ಒಪ್ಪತ್ತು ಮಾಡುತ್ತಾಳೆ, ಹಣ್ಣು ತಿನ್ನಬಹುದಂತೆ. ಅಮ್ಮಿ ಸೋಮವಾರ, ಗುರುವಾರ ನಫಿಲ್ ರೋಜಾ ಇಡುತ್ತಾರೆ, ಅವರ ಜೊತೆ ನಾನೂ ಆಗಾಗ. ನನಗೆ ಮಗ್ರಿಬ್‌ವರೆಗೆ ನೀರೂ ಇಲ್ಲ. ಹಾಗಾಗಿ ಸೋಮವಾರ ಅವಳು ನನ್ನ ಮುಖ ನೋಡುತ್ತಾ ಬಾಳೆಹಣ್ಣು ತಿನ್ನುತ್ತಾಳೆ, ನಾನು ನನ್ನದನ್ನು ಬ್ಯಾಗಿನಲ್ಲಿಟ್ಟುಕೊಂಡು ಇಫ್ತಾರ್‌ಗೆ ಒಯ್ಯುತ್ತೇನೆ. ನಮ್ಮ ಮನೆಯಲ್ಲಿ ಇದಕ್ಕೆ 'ಮೌಜ್' ಅನ್ನುತ್ತೇವೆ, ಅರಬಿಯಿಂದ ಬಂದ ಪದ. ಅವಳು ಈಗ ಆ ಪದ ಕಲಿತು, ಅಜ್ಜಿಯ ಹತ್ತಿರವೂ "ಎರಡು ಮೌಜ್ ಕೊಡಿ" ಅನ್ನುತ್ತಾಳೆ. ಅಜ್ಜಿ ನನ್ನನ್ನು ನೋಡಿ ನಗುತ್ತಾರೆ.

ಇಷ್ಟೆಲ್ಲ ಬರೆಯಲು ಕಾರಣ ಕಳೆದ ತಿಂಗಳ ಘಟನೆ. ಬೆಳಗಿನ ಪ್ರಾರ್ಥನೆಗೆ ನಿಂತಿದ್ದಾಗ ನಮ್ಮ ತರಗತಿಯ ಹುಡುಗಿಯೊಬ್ಬಳು ಕಣ್ಣು ಕತ್ತಲೆ ಬಂದು ಕುಸಿದು ಕೂತಳು. ಬೆಳಿಗ್ಗೆ ಏನು ತಿಂದೆ ಎಂದು ಮೇಡಂ ಕೇಳಿದರು. ಚಹಾ. ನಿನ್ನೆ ರಾತ್ರಿ? ಅವಳು ಮಾತಾಡಲಿಲ್ಲ. ಗ್ರಂಥಾಲಯದ ಮೇಡಂ ತಮ್ಮ ಬ್ಯಾಗಿನಿಂದ ಎರಡು ಏಲಕ್ಕಿ ಬಾಳೆ ತೆಗೆದು ಕೊಟ್ಟರು. ಹತ್ತು ನಿಮಿಷಕ್ಕೆ ಅವಳ ಮುಖಕ್ಕೆ ಬಣ್ಣ ಬಂತು. ಅವತ್ತು ಮಧ್ಯಾಹ್ನ ನಾನು ತರಗತಿಯಲ್ಲಿ, ಬೆಳಿಗ್ಗೆ ತಿಂಡಿ ತಿನ್ನದೆ ಬರುವವರು ಕೈ ಎತ್ತಿ ಅಂದೆ. ಹಳ್ಳಿಗಳಿಂದ ಬರುವವರ ಕೈಗಳೆಲ್ಲ ಮೇಲೆದ್ದವು. ಊರಲ್ಲೇ ಇರುವವರದ್ದೂ ಕೆಲವು.

ನಾನು ಹತ್ತನೇ ತರಗತಿವರೆಗೆ ಓದಿದ್ದು ಸರ್ಕಾರಿ ಶಾಲೆಯಲ್ಲಿ. ಅಲ್ಲಿ ಬಿಸಿಯೂಟ ಇತ್ತು. ಕೊನೆಯ ವರ್ಷ ಮೊಟ್ಟೆಯೂ ಬಂತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಎಸ್‌ಎಸ್‌ಎಲ್‌ಸಿ ಪಾಸಾದ ಕೂಡಲೇ ಎಲ್ಲ ನಿಂತುಹೋಯಿತು. ಹದಿನೈದು ವರ್ಷಕ್ಕೆ ಹಸಿವಾಗುತ್ತಿದ್ದವರಿಗೆ ಹದಿನೇಳಕ್ಕೆ ಆಗುವುದಿಲ್ಲವೇ? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ, ಹೆಣ್ಣುಮಕ್ಕಳಿಗೆ, ಬಸ್ ಉಚಿತ. ನನ್ನಂಥವರು ಊರು ದಾಟಿ ಓದಲು ಬರುತ್ತಿರುವುದೇ ಅದರಿಂದ. ಬಸ್ಸು ನಮ್ಮನ್ನು ಕಾಲೇಜಿನ ಬಾಗಿಲಿಗೆ ತಂದು ಬಿಡುತ್ತದೆ. ಖಾಲಿ ಹೊಟ್ಟೆಯಲ್ಲಿ.

ಇನ್ನು ನಮ್ಮ ಕ್ಯಾಂಟೀನು. ಅಲ್ಲಿ ಸಮೋಸಾ ಇದೆ, ಪಫ್ಸ್ ಇದೆ, ಬಣ್ಣಬಣ್ಣದ ಪೊಟ್ಟಣಗಳ ಸರ ತೂಗುತ್ತಿದೆ. ಹಣ್ಣು ಇಲ್ಲ. ಕ್ಯಾಂಟೀನ್ ಚಾಚಾ ಅವರನ್ನು ಕೇಳಿದೆ. "ಬೇಟಾ, ಕೊಳೆತರೆ ಯಾರಿಗೆ ಕೊಡಲಿ?" ಅಂದರು. ಅಜ್ಜಿ ಹೇಳಿದ್ದೇ ಮಾತು! ಪೊಟ್ಟಣ ತಿಂಗಳುಗಟ್ಟಲೆ ಕೆಡುವುದಿಲ್ಲ, ದಿನಾಂಕ ಮುಗಿದರೆ ಏಜೆಂಟ್ ಬದಲಾಯಿಸಿ ಕೊಡುತ್ತಾನೆ, ಎಂಆರ್‌ಪಿಯಲ್ಲಿ ಅವರ ಪಾಲು ಮೊದಲೇ ಗಟ್ಟಿ. ಬಾಳೆಹಣ್ಣನ್ನು ಯಾವ ಏಜೆಂಟೂ ವಾಪಸ್ ಒಯ್ಯುವುದಿಲ್ಲ. ಅವರಿಗೆ ಹಣ್ಣಿನ ಮೇಲೆ ದ್ವೇಷವಿಲ್ಲ, ನಷ್ಟದ ಭಯವಿದೆ. ಆ ಭಯ ತಪ್ಪಲ್ಲ. ಆದರೆ ಅಕ್ಷರ ಗೊತ್ತಿಲ್ಲದ ಒಬ್ಬ ಅಜ್ಜಿ ಬೀದಿಯಲ್ಲಿ ಒಬ್ಬರೇ ಹೊರುವ ನಷ್ಟವನ್ನು ಇಷ್ಟು ಜನರಿರುವ ಕಾಲೇಜು ಹೊರಲಾರದೇ?

ಲೆಕ್ಕ ಕಷ್ಟದ್ದಲ್ಲ. ದಿನಕ್ಕೆ 10 ಕಿಲೋ ತಂದರೆ 280 ರೂಪಾಯಿ, 60 ಹಣ್ಣು. ಒಂದಕ್ಕೆ 7 ರೂಪಾಯಿ ಇಟ್ಟರೆ 40 ಹಣ್ಣು ಮಾರುವಷ್ಟರಲ್ಲಿ ಹಾಕಿದ ದುಡ್ಡು ಬಂತು. 50 ಹೋದರೆ 70 ರೂಪಾಯಿ ಉಳಿಯುತ್ತದೆ, ಮಿಕ್ಕ ಹತ್ತು ಕೊಳೆತರೂ. ಎಲ್ಲ ಒಂದೇ ದಿನ ಹಣ್ಣಾಗದ ಹಾಗೆ ಅರ್ಧ ಹಣ್ಣು, ಅರ್ಧ ದೋರಗಾಯಿ ತಂದರೆ ಮಾರನೇ ದಿನಕ್ಕೂ ನಿಲ್ಲುತ್ತದೆ. ಫ್ರಿಜ್ಜಿನಲ್ಲಿ ಇಡಬಾರದು, ಸಿಪ್ಪೆ ಕಪ್ಪಾಗುತ್ತದೆ, ಆಮೇಲೆ ಯಾರೂ ಮುಟ್ಟುವುದಿಲ್ಲ. ಶುಕ್ರವಾರ ಜುಮಾ ಇರುವುದರಿಂದ ಬೇಗ ಬಿಡುತ್ತಾರೆ, ಅವತ್ತು 6 ಕಿಲೋ ಸಾಕು. ಬಿಡುವಿಗೆ ಕಾಯದೆ ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ಬುಟ್ಟಿ ಬಾಗಿಲ ಬಳಿ ಇರಬೇಕು, ಇದು ಮುಖ್ಯ. ಸಿಪ್ಪೆಗೆ ಪಕ್ಕದಲ್ಲೇ ಒಂದು ಡಬ್ಬ.

ಇನ್ನೊಂದು ಅಡ್ಡಿ ಇದೆ, ಅದು ನಮ್ಮದೇ. ನಾನು ಬಸ್ಸಿನಲ್ಲಿ ತಿಂದಷ್ಟು ಧೈರ್ಯವಾಗಿ ಕಾಲೇಜಿನಲ್ಲಿ ತಿನ್ನುವುದಿಲ್ಲ. ಯಾರೋ 'ಕೋತಿ' ಅನ್ನುತ್ತಾರೆ, ಎಲ್ಲರೂ ನಗುತ್ತಾರೆ. ಪೊಟ್ಟಣ ಹಿಡಿದರೆ ದುಡ್ಡಿರುವವರು, ಬಾಳೆಹಣ್ಣು ಹಿಡಿದರೆ ಮನೆಯಲ್ಲಿ ಏನೂ ಇಲ್ಲದವರು. ಕುಸಿದು ಕೂತ ನನ್ನ ಸಹಪಾಠಿಯ ಬ್ಯಾಗಿನಲ್ಲಿ ಅವತ್ತು ಒಂದು ಬಾಳೆಹಣ್ಣು ಇತ್ತು ಎಂದು ನನಗೆ ಆಮೇಲೆ ಗೊತ್ತಾಯಿತು. ಎಲ್ಲರ ಮುಂದೆ ತೆಗೆಯಲು ನಾಚಿಕೆಯಾಗಿ, ಬಿಡುವಿನಲ್ಲಿ ಶೌಚಾಲಯದ ಹಿಂದೆ ಹೋಗಿ ತಿನ್ನೋಣ ಎಂದುಕೊಂಡಿದ್ದಳಂತೆ. ಅವಳ ಅನುಮತಿ ಕೇಳಿಯೇ ಇದನ್ನು ಬರೆದಿದ್ದೇನೆ.

ಪ್ರಾಂಶುಪಾಲರಿಗೆ ಮನವಿ ಕೊಟ್ಟಿದ್ದೇವೆ. ಮೊದಲ ಎರಡು ವಾರ ನಷ್ಟವಾದರೆ ಅರ್ಧ ನಮ್ಮದು ಎಂದು ಚಾಚಾಗೆ ಮಾತು ಕೊಟ್ಟಿದ್ದೇವೆ. ಈಗ ಒಂಬತ್ತು ಜನ ತಲಾ 50 ರೂಪಾಯಿ ಹಾಕಿ 450 ಆಗಿದೆ. ಅಧ್ಯಾಪಕರೂ ಸೇರಬಹುದು, ಅವರಿಗೂ ಮೊದಲ ಪೀರಿಯಡ್ ಇರುತ್ತದೆ. ಹೆಸರು ಕೊಡುವವರು ಬಿಡುವಿನಲ್ಲಿ ದ್ವಿತೀಯ ಪಿಯುಸಿ ವಾಣಿಜ್ಯ 'ಬಿ' ವಿಭಾಗಕ್ಕೆ ಬನ್ನಿ, ಕಿಟಕಿ ಪಕ್ಕದ ಮೂರನೇ ಬೆಂಚು. ಸೋಮವಾರವೂ ಬರಬಹುದು. ಆದರೆ ಅವತ್ತು ನನ್ನ ಮುಂದೆ ತಿನ್ನಬೇಡಿ.