ಮುಚ್ಚಿದ ಬಟನ್ ಕಾರಣ ಹೇಳಲಿ

ವಿಜಯಪುರ, ತಿಕೋಟಾ, ಬಬಲೇಶ್ವರದ ಬಂಧುಗಳೇ,

ಮಾಸಾಶನ, ಜಾತಿ-ಆದಾಯ ಪ್ರಮಾಣಪತ್ರ, ಬೆಳೆವಿಮೆ, ಕಾಲೇಜು ಪ್ರವೇಶ, ಹೀಗೆ ಅರ್ಜಿಗಳೆಲ್ಲ ಈಗ ಆನ್‌ಲೈನ್ ಆಗಿವೆ. ಎಲ್ಲ ತುಂಬಿದ ಮೇಲೂ ‘ಸಲ್ಲಿಸು’ ಬಟನ್ ಬೂದು ಬಣ್ಣದಲ್ಲಿ ಮಂಕಾಗಿಯೇ ಇದ್ದರೆ, ಕಣ್ಣಿದ್ದವರು ಮೇಲೆ ಕೆಳಗೆ ನೋಡಿ ಬಿಟ್ಟುಹೋದ ಕಲಂ ಹುಡುಕುತ್ತೇವೆ. ಕಣ್ಣು ಕಾಣದವರ ಪಾಡೇನು?

ಅವರು ಸ್ಕ್ರೀನ್ ರೀಡರ್ ಓದುವುದನ್ನು ಕೇಳುತ್ತ, ಟ್ಯಾಬ್ ಕೀಲಿ ಒತ್ತುತ್ತ ಒಂದೊಂದೇ ಕಲಮಿಗೆ ಸಾಗುತ್ತಾರೆ. ಹೀಗೆ ಮುಚ್ಚಿದ, ಅಂದರೆ ಡಿಸೇಬಲ್ ಮಾಡಿದ ಬಟನ್ ಮೇಲೆ ಟ್ಯಾಬ್ ನಿಲ್ಲುವುದೇ ಇಲ್ಲ. ಬೇರೆ ಕೀಲಿಯಿಂದ ಹುಡುಕಿ ಹಿಡಿದರೂ ‘ಲಭ್ಯವಿಲ್ಲ’ ಎಂಬಷ್ಟೇ ಕೇಳಿಸುತ್ತದೆ, ಕಾರಣ ತಿಳಿಯುವುದಿಲ್ಲ. ಕೊನೆಗೆ ಆಧಾರ್, ಬ್ಯಾಂಕ್ ಖಾತೆ, ಓಟಿಪಿ ಎಲ್ಲವನ್ನೂ ಇನ್ನೊಬ್ಬರ ಕೈಗೆ ಒಪ್ಪಿಸಬೇಕಾಗುತ್ತದೆ. ದ್ರಾಕ್ಷಿ ಪಡದ ಬಿಸಿಲಲ್ಲಿ ಮೊಬೈಲ್ ಹಿಡಿದ, ಕಣ್ಣಿಗೆ ಪೊರೆ ಬಂದ ಹಿರಿಯರಿಗೂ ಆ ಬೂದು ಅಕ್ಷರ ಕಾಣದು. ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಕೇಳುವ ಅಂತರರಾಷ್ಟ್ರೀಯ ಮಾನದಂಡ ಡಿಸೇಬಲ್ ಬಟನ್‌ಗೆ ವಿನಾಯಿತಿ ಕೊಟ್ಟಿದೆ, ನಿಜ. ವಿನಾಯಿತಿ ಇದೆಯೆಂದು ಕಾಣದಂತೆ ಮಾಡಲೇಬೇಕೇ?

ಇದು ದಯೆಯ ಮಾತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಮ್ಮ ಮುಂದಿದೆ. ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟಿದೆ.

ಆದ್ದರಿಂದ ಜಾಲತಾಣ ಕಟ್ಟುವ ನಮ್ಮ ಊರಿನ ತರುಣ ತರುಣಿಯರೇ, ನಿಮ್ಮಲ್ಲಿ ಕೈಮುಗಿದು ಕೇಳುವೆ: ‘ಸಲ್ಲಿಸು’ ಬಟನ್ ತೆರೆದೇ ಇಡಿ. ಒತ್ತಿದಾಗ ‘ಬ್ಯಾಂಕ್ ಖಾತೆ ಸಂಖ್ಯೆ ತುಂಬಿಲ್ಲ’ ಎಂದು ಕನ್ನಡದಲ್ಲಿ ಹೇಳಿ, ಕರ್ಸರ್ ಆ ಕಲಮಿಗೇ ಒಯ್ಯಿರಿ. ಮುಚ್ಚಲೇಬೇಕಾದಲ್ಲಿ ‘ಏರಿಯಾ-ಡಿಸೇಬಲ್ಡ್’ (aria-disabled) ಎಂಬ ಕೋಡ್ ಗುರುತು ಬಳಸಿ. ಆಗ ಟ್ಯಾಬ್ ಬಟನ್ ಮೇಲೆ ನಿಲ್ಲುತ್ತದೆ. ಆದರೆ ಆ ಗುರುತು ಕ್ಲಿಕ್ಕನ್ನು ತಾನಾಗಿ ತಡೆಯದು, ತಡೆಯುವ ಕೋಡ್ ನೀವೇ ಬರೆಯಬೇಕು. ಮುಚ್ಚಿದ ಕಾರಣವನ್ನು ಪಕ್ಕದಲ್ಲೇ ಬರೆದು ಬಟನ್‌ಗೆ ಜೋಡಿಸಿ. ಆಮೇಲೆ ಉಚಿತವಾಗಿ ಸಿಗುವ ಎನ್‌ವಿಡಿಎ ಸ್ಕ್ರೀನ್ ರೀಡರ್ ಹಾಕಿಕೊಂಡು, ಮೌಸ್ ಬದಿಗಿಟ್ಟು, ಪರದೆ ಆರಿಸಿ, ನಿಮ್ಮ ಫಾರ್ಮನ್ನು ನೀವೇ ಒಮ್ಮೆ ತುಂಬಿ ನೋಡಿ.

ಗ್ರಾಮ ಒನ್ ಕೇಂದ್ರದ ಸೋದರ ಸೋದರಿಯರೇ, ಯಾರಾದರೂ ಹೀಗೆ ಸಿಕ್ಕಿಕೊಂಡು ಬಂದರೆ ಅರ್ಜಿ ತುಂಬಿ ಕಳಿಸುವಷ್ಟಕ್ಕೇ ನಿಲ್ಲಬೇಡಿ. ಯಾವ ಪುಟ, ಯಾವ ಬಟನ್ ಎಂದು ಬರೆದಿಟ್ಟು ಇಲಾಖೆಗೆ ತಿಳಿಸಿ. ಅಧಿಕಾರಿಗಳೇ, ಹೊಸ ತಂತ್ರಾಂಶ ಒಪ್ಪಿಕೊಳ್ಳುವ ಮೊದಲು ಕಣ್ಣು ಕಾಣದ ಒಬ್ಬರಾದರೂ ಅದನ್ನು ಬಳಸಿ ನೋಡಲಿ.

ಕಣ್ಣು ಕಾಣದವರು ಕೇಳುತ್ತಿರುವುದು ಒಂದೇ ಸಾಲಿನ ಕಾರಣ. ಅದನ್ನು ಕೊಡೋಣ. ಮುಂದಿನ ಅರ್ಜಿಯನ್ನು ಅವರೇ ಸಲ್ಲಿಸುತ್ತಾರೆ.