ನೆಲವೂ ಡೊಂಕಿರಬಹುದು

ರಜೆಯ ದಿನ ಮರಗೆಲಸಕ್ಕೆ ಕುಳಿತ ಮನುಷ್ಯನನ್ನು ಕಂಡರೆ ನಮ್ಮ ಜನಕ್ಕೆ ಒಂದು ಗಾದೆ ತಪ್ಪದೆ ನೆನಪಾಗುತ್ತದೆ. ಅವನು ಮಾಡಿದ ಪೆಟ್ಟಿಗೆಯ ಮುಚ್ಚಳ ಕೂಡದಿದ್ದರೆ, ಸ್ಟೂಲಿನ ಒಂದು ಕಾಲು ನೆಲ ಮುಟ್ಟದಿದ್ದರೆ, ಅವನು ಮರವನ್ನು ದೂರಲು ಬಾಯಿ ತೆರೆಯುವ ಮೊದಲೇ ‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂದು ನಕ್ಕು ಹೋಗುತ್ತಾರೆ. ಇನ್ನೂ ಸ್ವಲ್ಪ ದಯೆಯುಳ್ಳವರು ನಿಂತು ಸಮಾಧಾನ ಹೇಳುತ್ತಾರೆ: ‘ಅದು ಹುಟ್ಟಿನಿಂದ ಬರಬೇಕಪ್ಪ. ಆಚಾರರ ಮನೆಯ ಮಗುವಿಗೆ ಉಳಿ ತಾನಾಗಿ ಒಲಿಯುತ್ತದೆ. ನಿನಗೇಕೆ ಬೇಕಿತ್ತು ಈ ಉಸಾಬರಿ?’

ಗಾದೆಯನ್ನು ಕ್ಷಮಿಸಬಹುದು, ಈ ಸಮಾಧಾನವನ್ನು ಕ್ಷಮಿಸಲಾಗದು. ಹವ್ಯಾಸಕ್ಕೆ ಮರಗೆಲಸ ಮಾಡುವವನ ಗೋಳಿಗೆ ಹುಟ್ಟು ಕಾರಣವಲ್ಲ, ನೆಲವೇ ಡೊಂಕಾಗಿದೆ ಎಂದು ನಾನು ವಾದಿಸುತ್ತೇನೆ. ಡೊಂಕು ಎಲ್ಲೆಲ್ಲಿದೆ ಎಂಬುದನ್ನೂ ಬೊಟ್ಟಿಟ್ಟು ತೋರಿಸುತ್ತೇನೆ.

ಮೊದಲನೆಯ ಡೊಂಕು ಮರದ ಅಂಗಡಿಯಲ್ಲಿದೆ. ‘ಒಣಗಿದೆಯೆ?’ ಎಂದು ಕೇಳಿದರೆ ‘ಎರಡು ವರ್ಷದ ಮಾಲು ಸ್ವಾಮಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೀಗೆ ಆಣೆಯಿಟ್ಟು ಕೊಟ್ಟ ಮಾವಿನ ಹಲಗೆಯೊಂದರಿಂದ ನಾನು ಒಂದಡಿಯಷ್ಟು ತುಂಡು ಕೊಯ್ದು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿದೆ: 1,180 ಗ್ರಾಂ. ಗಾಳಿಯಾಡುವ ಕಡೆ ಇಟ್ಟು ವಾರಕ್ಕೊಮ್ಮೆ ತೂಗುತ್ತ ಬಂದೆ. ಎರಡೂವರೆ ತಿಂಗಳ ಮೇಲೆ ಅದು 960 ಗ್ರಾಮಿಗೆ ನಿಂತಿತು. ಎರಡು ವರ್ಷ ಒಣಗಿದ್ದ ತುಂಡಿನಲ್ಲಿ ಒಂದು ಲೋಟಕ್ಕೂ ಮಿಗಿಲಾದ ನೀರು ಇತ್ತೆಂದಾಯಿತು. ಮರದ ಬೆಲೆಗೆ ನೀರು ಮಾರುವ ಈ ವ್ಯಾಪಾರಕ್ಕೆ ಹೋಲಿಸಿದರೆ ನಮ್ಮ ಹಾಲಿನವನು ಹರಿಶ್ಚಂದ್ರ.

ನಷ್ಟ ದುಡ್ಡಿನದಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಮರ ಒಣಗುವಾಗ ಸುಮ್ಮನಿರುವುದಿಲ್ಲ. ಮೊದಲು ಅದರ ಟೊಳ್ಳುಗಳಲ್ಲಿರುವ ನೀರು ಹೋಗುತ್ತದೆ. ಆಗ ಗಾತ್ರ ಬದಲಾಗದು. ಒಣ ಮರದ ತೂಕಕ್ಕೆ ನೂರಕ್ಕೆ ಸುಮಾರು 30ರಷ್ಟು ತೇವ ಉಳಿದಾಗ ಎಳೆಗಳ ಗೋಡೆಯೊಳಗಿನ ನೀರು ಹೊರಡಲಾರಂಭಿಸುತ್ತದೆ. ಕುಗ್ಗುವಿಕೆ ಶುರುವಾಗುವುದು ಅಲ್ಲಿಂದ. ಅದೂ ಎಲ್ಲ ದಿಕ್ಕಿಗೂ ಸಮನಾಗಿ ಅಲ್ಲ. ಉದ್ದದಲ್ಲಿ ಕುಗ್ಗುವುದು ಲೆಕ್ಕಕ್ಕೇ ಇಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಎಷ್ಟು ಕುಗ್ಗುತ್ತದೆಯೋ ಅದರ ಸುಮಾರು ಎರಡು ಪಟ್ಟು ಬಳೆಗಳ ಗುಂಟ ಕುಗ್ಗುತ್ತದೆ. ಚಪ್ಪಟೆಯಾಗಿದ್ದ ಹಲಗೆ ದೋಣಿಯಾಗುವುದಕ್ಕೆ ಇದೇ ಕಾರಣ. ಅಗಲದಲ್ಲಿ ನೂರಕ್ಕೆ ಮೂರು ಪಾಲು ಕುಗ್ಗಿದರೂ ಒಂದಡಿಯ ಹಲಗೆಯಲ್ಲಿ 9 ಮಿಲಿಮೀಟರ್ ಮಾಯವಾಯಿತು. ಭಾನುವಾರ ಕೂದಲೆಳೆಯಷ್ಟೂ ಸಂದಿಲ್ಲದೆ ಕೂಡಿದ ಬೆಸುಗೆ ಯುಗಾದಿಯ ಹೊತ್ತಿಗೆ ಬಾಯಿ ಬಿಟ್ಟರೆ, ದೋಷ ಕೂಡಿಸಿದ ಕೈಯದೋ, ಆಣೆಯಿಟ್ಟ ನಾಲಿಗೆಯದೋ?

ಇದೇನೂ ನಮ್ಮ ದೇಶಕ್ಕೆ ತಿಳಿಯದ ಗುಟ್ಟಲ್ಲ. ಯಾವ ಕೆಲಸದ ಮರದಲ್ಲಿ ಎಷ್ಟು ತೇವವಿರಬಹುದೆಂದು, ಗಾಳಿಯ ತೇವಕ್ಕೆ ತಕ್ಕಂತೆ ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ ಹೇಳುವ ಭಾರತೀಯ ಮಾನಕವೇ ಇದೆ. ಅದರ ಸಂಖ್ಯೆ ಐ.ಎಸ್. 287. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರದ ಗುಣಗಳನ್ನೇ ಅಭ್ಯಾಸ ಮಾಡುವ ಮರವಿಜ್ಞಾನ ಸಂಸ್ಥೆ ಇದೆ. ಸಂಸ್ಥೆಯೂ ಇದೆ, ಮಾನಕವೂ ಇದೆ. ಆ ತಿಳಿವಳಿಕೆ ಮಾತ್ರ ಅಂಗಡಿಯ ಗಲ್ಲಾಪೆಟ್ಟಿಗೆಯವರೆಗೆ ನಡೆದು ಬಂದಿಲ್ಲ. ಬಿಸ್ಕತ್ತಿನ ಪೊಟ್ಟಣದ ಮೇಲೆ ಒಳಗೇನಿದೆ ಎಂದು ಬರೆದಿರಬೇಕೆಂದು ಕೇಳುವ ನಾವು, ಅದರ ನೂರು ಪಾಲು ಬೆಲೆಯ ಹಲಗೆಯನ್ನು ಬಾಯಿಮಾತಿನ ಮೇಲೆ ಹೊತ್ತು ತರುತ್ತೇವೆ.

ಎರಡನೆಯ ಡೊಂಕು ಅಳತೆಯದು. ಮೆಟ್ರಿಕ್ ಪದ್ಧತಿಗೆ ಅಡಿಪಾಯ ಹಾಕಿದ ಕಾನೂನು ಬಂದದ್ದು 1956ರಲ್ಲಿ. ಮರದ ಅಂಗಡಿಯಲ್ಲಿ ಇಂದಿಗೂ ಘನ ಅಡಿಯ ಮಾತೇ ನಡೆಯುತ್ತದೆ. ನಡೆಯಲಿ, ಅಡಿಯ ಮೇಲೆ ನನಗೆ ದ್ವೇಷವಿಲ್ಲ. ಒಂದಂಗುಲ ದಪ್ಪ, ಒಂದಡಿ ಅಗಲ, ಹನ್ನೆರಡಡಿ ಉದ್ದ ಸೇರಿದರೆ ಒಂದು ಘನ ಅಡಿ ಎಂಬ ಲೆಕ್ಕ ನನಗೂ ಬರುತ್ತದೆ. ಆದರೆ ಹಾಗೆಂದು ಕೊಟ್ಟ ಒಂದಂಗುಲದ ಹಲಗೆಯನ್ನು ಎರಡೂ ಮಗ್ಗುಲಲ್ಲಿ ಕೀಸಿ ಮಟ್ಟ ಮಾಡಿದ ಮೇಲೆ ಮುಕ್ಕಾಲು ಅಂಗುಲ ಉಳಿದರೆ ಪುಣ್ಯ. ಕೀಸುಳಿಯ ಹೊಟ್ಟಿಗೂ ತೇಗದ ದರ ತೆತ್ತವನು ಒಂದು ಪುಸ್ತಕದ ಕಪಾಟಿಗೆ ಲೆಕ್ಕ ಹಾಕಿ ತಂದ ಮರದಲ್ಲಿ ಕಪಾಟಿನ ಕಡೆಯ ಅರೆ ಎಂದೂ ಆಗುವುದಿಲ್ಲ.

ಮೂರನೆಯದು ಹತಾರದ ಡೊಂಕು. ಅಂಗಡಿಯಲ್ಲಿ ಕೊಂಡ ಉಳಿ ಉಳಿಯ ಆಕಾರದ ಕಬ್ಬಿಣವೇ ಹೊರತು ಉಳಿಯಲ್ಲ. ಅದರ ಬೆನ್ನನ್ನು ಕಲ್ಲಿನ ಮೇಲೆ ಕನ್ನಡಿಯಂತೆ ಮಟ್ಟಸ ಮಾಡಿ, ಬಾಯಿಯನ್ನು 25ರಿಂದ 30 ಡಿಗ್ರಿಯ ಓರೆಗೆ ಮಸೆದ ಮೇಲೆ ಅದಕ್ಕೆ ಆ ಹೆಸರು ಸಲ್ಲುತ್ತದೆ. ಇದನ್ನು ಮಾರುವವನು ಹೇಳುವುದಿಲ್ಲ. ಹೇಳುವ ಪುಸ್ತಕ ಕೇಳಿದರೆ ನನ್ನ ಮುಂದೆ ಇಟ್ಟದ್ದೆಲ್ಲ ಇಂಗ್ಲಿಷಿನವು. ಅವುಗಳಲ್ಲಿ ಓಕ್, ಪೈನ್, ವಾಲ್ನಟ್ ಮರಗಳ ಗುಣಗಾನವಿದೆ. ಹಲಸು, ಹೊನ್ನೆ, ಮತ್ತಿ, ನಂದಿಗಳ ಹೆಸರಿಲ್ಲ. ಸೊಂಟಮಟ್ಟದ ಮೇಜೂ ಅದಕ್ಕೆ ಬಿಗಿದ ಇಕ್ಕಳವೂ ಇದ್ದೇ ಇರುತ್ತವೆ ಎಂದುಕೊಂಡು ಬರೆದ ಆ ಪುಸ್ತಕಗಳಿಗೆ, ನೆಲದ ಮೇಲೆ ಕುಳಿತು ಹಲಗೆಯನ್ನು ಕಾಲಿನಿಂದ ಅದುಮಿ ಹಿಡಿದು ಕೊಯ್ಯುವ ನಮ್ಮ ಬಡಗಿಯ ವಿದ್ಯೆಯ ಗಂಧವೂ ಇಲ್ಲ.

ಹಸಿ ಮರ, ಸುಳ್ಳು ಅಳತೆ, ಮೊಂಡು ಉಳಿ. ಈ ಮೂರನ್ನೂ ಕೈಗೆ ಕೊಟ್ಟು, ಕೆಲಸ ಕೆಟ್ಟಾಗ ‘ಹುಟ್ಟಿನಿಂದ ಬರಬೇಕು’ ಎನ್ನುವವರನ್ನು ಏನೆನ್ನೋಣ?

‘ಇದೇ ಅಂಗಡಿಯ ಮರದಿಂದ ಬಡಗಿ ಕೆಲಸ ಮಾಡುವುದಿಲ್ಲವೆ?’ ಎಂದು ಕೇಳುವಿರಿ. ಮಾಡುತ್ತಾನೆ, ಏಕೆಂದರೆ ಅವನು ಬಲ್ಲ. ಹಿಂದೆ ಮನೆ ಕಟ್ಟುವವರಿಗೆ ಮರವನ್ನು ಬಹಳ ಮುಂಚೆ ಕಡಿಸಿ ನೆರಳಿನಲ್ಲಿ ಒಟ್ಟಿಡಲು ಹೇಳುತ್ತಿದ್ದವನು ಅವನು. ನಿಮ್ಮ ಮನೆಯ ಹಳೆಯ ಬಾಗಿಲನ್ನು ಒಮ್ಮೆ ನೋಡಿ. ಚೌಕಟ್ಟಿನ ಕಾಲುವೆಯೊಳಗೆ ನಡುವಿನ ಹಲಗೆಯನ್ನು ಅಂಟು ಹಾಕದೆ ಸಡಿಲಾಗಿ ಕೂರಿಸಿರುತ್ತಾರೆ. ಮಳೆಗಾಲದಲ್ಲಿ ಉಬ್ಬುವುದಕ್ಕೂ ಬೇಸಗೆಯಲ್ಲಿ ಕುಗ್ಗುವುದಕ್ಕೂ ಅದಕ್ಕೆ ಎಡೆ ಬೇಕೆಂದು ತಿಳಿದು ಮಾಡಿದ ಕೆಲಸ ಅದು. ಇದು ರಕ್ತದಲ್ಲಿ ಹರಿದು ಬಂದದ್ದಲ್ಲ; ಗುರುವಿನ ಕೆಳಗೆ ವರ್ಷಗಟ್ಟಲೆ ಬೈಸಿಕೊಂಡು ಕಲಿತದ್ದು. ಚನ್ನಪಟ್ಟಣಕ್ಕೆ ಹೋಗಿ ನೋಡಿ. ಹಾಲೆ ಮರವನ್ನು ಒಣಗಿಸಿ, ಚರಕಿಗೆ ಕೊಟ್ಟು ತಿರುಗಿಸಿ, ಬಣ್ಣದ ಅರಗು ಹಿಡಿದು ಗೊಂಬೆ ಮಾಡುವವರಲ್ಲಿ ಹಿಂದುಗಳಿದ್ದಾರೆ, ಮುಸಲ್ಮಾನರಿದ್ದಾರೆ, ತರಬೇತಿ ಪಡೆದ ಹೆಂಗಸರಿದ್ದಾರೆ. ಅಲ್ಲಿ ಉಳಿ ಯಾರ ಕುಲವನ್ನೂ ಕೇಳಿ ಒಲಿದಿಲ್ಲ.

ಈ ಮಾತಿನಿಂದ ಹವ್ಯಾಸಿಗೆ ಆಗುವ ಕೆಡುಕು ಸಣ್ಣದು. ಅವನು ಉಳಿಯನ್ನು ಅಟ್ಟಕ್ಕೆ ಎಸೆದು ಇನ್ನೊಂದು ಹವ್ಯಾಸ ಹುಡುಕಿಕೊಂಡಾನು. ದೊಡ್ಡ ಕೆಡುಕು ಆಗುವುದು ಬಡಗಿಗೆ. ‘ಅವನಿಗೆ ಹುಟ್ಟಿನಿಂದ ಬಂದದ್ದು’ ಎಂದರೆ, ಅವನು ಕಲಿಯಲಿಲ್ಲ, ಶ್ರಮಪಡಲಿಲ್ಲ, ಯೋಚಿಸಲಿಲ್ಲ ಎಂದಂತೆ. ಪುಕ್ಕಟೆ ಬಂದ ವಿದ್ಯೆಗೆ ಯಾರು ಬೆಲೆ ಕೊಟ್ಟಾರು? ಡಾಕ್ಟರರ ಮುಂದೆ ಬಾಯಿ ಮುಚ್ಚಿ ಶುಲ್ಕ ಇಡುವ ಗೃಹಸ್ಥರು, ಬಡಗಿಯ ದಿನಗೂಲಿಯಲ್ಲಿ ಐವತ್ತು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವುದರ ಬೇರು ಈ ಹೊಗಳಿಕೆಯಲ್ಲಿದೆ. ಇದು ಹೊಗಳಿಕೆಯ ವೇಷ ತೊಟ್ಟ ತಿರಸ್ಕಾರ.

ಬೇರೆಡೆಯ ಜನ ಹೀಗೆ ಯೋಚಿಸಲಿಲ್ಲ. ಫಿನ್ಲೆಂಡ್ ದೇಶ 1866ರಲ್ಲೇ ಹಳ್ಳಿಶಾಲೆಯ ಹುಡುಗರಿಗೆ ಕೈಗೆಲಸವನ್ನು ಕಡ್ಡಾಯ ಮಾಡಿತು. 1910ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಟಾಲ್‌ಸ್ಟಾಯ್ ಫಾರ್ಮ್ ತೆರೆದಾಗ ಬ್ಯಾರಿಸ್ಟರ್ ಗಾಂಧಿಯವರು ಚಪ್ಪಲಿ ಹೊಲಿಯಲು ಕಲಿತರು. ಅಲ್ಲಿ ಮರಗೆಲಸದ ತರಗತಿಯೂ ನಡೆಯಿತು. ಕಸುಬಿನ ಮೂಲಕ ಶಿಕ್ಷಣ ಎಂಬ ಅವರ ಯೋಜನೆ 1937ರಲ್ಲಿ ವಾರ್ಧಾದಲ್ಲಿ ದೇಶದ ಮುಂದೆ ಬಂತು. ನಾವು ಅದನ್ನು ಭಾಷಣಗಳಲ್ಲಿ ಭದ್ರವಾಗಿ ಕಾಪಾಡಿಕೊಂಡಿದ್ದೇವೆ. ಕಾಯಕದ ಮೇಲೆ ಗಂಟೆಗಟ್ಟಲೆ ಉಪನ್ಯಾಸ ಕೇಳಿ ಬರುವ ನಮ್ಮ ಮನೆಯ ಕುರ್ಚಿಯ ಕಾಲು ಅಲ್ಲಾಡಿದರೆ ಅದನ್ನು ಬಿಗಿಮಾಡಲು ಮನೆಯಲ್ಲಿ ಒಂದು ಕೊಡತಿ ಇರುವುದಿಲ್ಲ.

ನಾನು ಕೇಳುವುದು ಹೆಚ್ಚೇನಲ್ಲ. ಮಾರುವ ಹಲಗೆಯ ಮೇಲೆ ಅದರ ತೇವವೆಷ್ಟು, ನಿಜವಾದ ದಪ್ಪವೆಷ್ಟು ಎಂದು ಸೀಮೆಸುಣ್ಣದಲ್ಲಾದರೂ ಬರೆಯಲಿ. ನಮ್ಮ ಮರಗಳ ಗುಣ, ನಮ್ಮ ಬಡಗಿಗಳ ರೀತಿ ಎರಡನ್ನೂ ಅವರ ಬಾಯಿಂದಲೇ ಕೇಳಿ ಕನ್ನಡದಲ್ಲಿ ಅಚ್ಚುಮಾಡಲಿ. ಶಾಲೆಯಲ್ಲಿ ಬಡಗಿಯನ್ನು ವಾರಕ್ಕೊಂದು ದಿನ ಮೇಷ್ಟರೆಂದು ಕರೆದು, ಮೇಷ್ಟರ ಸಂಬಳವನ್ನೇ ಕೊಡಲಿ. ಇಷ್ಟಾದ ಮೇಲೂ ನನ್ನ ಸ್ಟೂಲು ಕುಂಟಿದರೆ ಆ ಗಾದೆಯನ್ನು ಸಂತೋಷವಾಗಿ ಹೇಳಿ. ಅಲ್ಲಿಯವರೆಗೆ ಮೂಲೆಮಟ್ಟವನ್ನು ನನ್ನ ಕೈಗೆ ಹಿಡಿಯುವ ಮೊದಲು ನೆಲಕ್ಕೆ ಹಿಡಿದು ನೋಡಿ.