ಉದ್ಯಮ ತಂತ್ರಾಂಶದಲ್ಲಿ ಮುಕ್ತ ಹಾಗೂ ವಾಣಿಜ್ಯ ಸಾಧನಗಳ ಮಿಶ್ರಬಳಕೆ

ಮುಕ್ತ ಹಾಗೂ ವಾಣಿಜ್ಯ ಸಾಧನಗಳ ಮಿಶ್ರಬಳಕೆ ಎಂದರೆ, ಸಂಸ್ಥೆಯೊಂದು ತನ್ನ ತಂತ್ರಾಂಶವನ್ನು ರೂಪಿಸುವಾಗ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸಾಧನಗಳನ್ನೂ ಹಣ ತೆತ್ತು ಪಡೆದ ಸಾಧನಗಳನ್ನೂ ಒಂದೇ ವ್ಯವಸ್ಥೆಯಲ್ಲಿ ಜೋಡಿಸುವ ಪದ್ಧತಿ. ಲಿನಕ್ಸ್ ಸರ್ವರಿನ ಮೇಲೆ ಒರೇಕಲ್ ಡೇಟಾಬೇಸ್ ನಡೆಸುವುದು ಇದರ ಪರಿಚಿತ ಉದಾಹರಣೆ. ಈ ಎರಡು ವರ್ಗಗಳ ನಡುವಿನ ಗೆರೆ ಸ್ಥಿರವಲ್ಲ ಎಂಬುದನ್ನು ರೆಡಿಸ್ ಪ್ರಕರಣವು ತೋರಿಸಿಕೊಟ್ಟಿತು.

ರೆಡಿಸ್ ಪ್ರಕರಣ

ದತ್ತಾಂಶವನ್ನು ಕಂಪ್ಯೂಟರಿನ ಮುಖ್ಯ ಸ್ಮೃತಿಯಲ್ಲೇ ಇರಿಸಿ ಶೀಘ್ರವಾಗಿ ಒದಗಿಸುವ ರೆಡಿಸ್ ತಂತ್ರಾಂಶವನ್ನು ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಬಿಡುಗಡೆ ಮಾಡಿದರು. ಅದರ ಬಿಎಸ್‌ಡಿ ಪರವಾನಗಿ ಬಹಳ ಉದಾರವಾದುದು. ಹಕ್ಕುಸ್ವಾಮ್ಯದ ಸೂಚನೆಯನ್ನು ಉಳಿಸಿಕೊಂಡರೆ ಮಾರಾಟದ ಉತ್ಪನ್ನದೊಳಗೂ ಅದನ್ನು ಸೇರಿಸಬಹುದಿತ್ತು. ಅಮೆಜಾನ್ ಮೊದಲಾದ ಕ್ಲೌಡ್ ಕಂಪನಿಗಳು ಅದನ್ನೇ ಶುಲ್ಕದ ಸೇವೆಯಾಗಿ ಒದಗಿಸಿದವು. ಲಾಭ ಅವರಿಗೆ, ಅಭಿವೃದ್ಧಿಯ ಹೊರೆ ತನಗೆ ಎಂಬುದು ರೆಡಿಸ್ ಕಂಪನಿಯ ವಾದ. ಈ ವಾದ ಪೂರ್ತಿ ನಿಲ್ಲುವಂಥದ್ದಲ್ಲ. ಅಮೆಜಾನ್ ಹಾಗೂ ಅಲಿಬಾಬಾದ ಎಂಜಿನಿಯರುಗಳೂ ಅದರ ನಿರ್ವಹಣಾ ತಂಡದಲ್ಲಿದ್ದರು.

2024ರ ಮಾರ್ಚ್ 20ರಂದು ಕಂಪನಿಯು 7.4ನೇ ಆವೃತ್ತಿಯಿಂದ ಬಿಎಸ್‌ಡಿಯನ್ನು ಕೈಬಿಡುವುದಾಗಿ ಪ್ರಕಟಿಸಿತು. ಅದರ ಬದಲು ಆರ್‌ಎಸ್‌ಎಎಲ್ ಅಥವಾ ಎಸ್‌ಎಸ್‌ಪಿಎಲ್ ಪರವಾನಗಿಯನ್ನು ಬಳಕೆದಾರರು ಆಯ್ದುಕೊಳ್ಳಬೇಕಾಯಿತು. ಓಪನ್ ಸೋರ್ಸ್ ಇನಿಷಿಯೇಟಿವ್ ಇವೆರಡನ್ನೂ ಮಾನ್ಯ ಮಾಡಿಲ್ಲ. ಎಂಟೇ ದಿನಗಳಲ್ಲಿ ಲಿನಕ್ಸ್ ಫೌಂಡೇಶನ್, 7.2.4ನೇ ಆವೃತ್ತಿಯಿಂದ ಕವಲೊಡೆದ ವಾಲ್ಕೀ ಯೋಜನೆಯನ್ನು ಘೋಷಿಸಿತು. ಅಮೆಜಾನ್, ಗೂಗಲ್ ಕ್ಲೌಡ್, ಒರೇಕಲ್ ಬೆಂಬಲಕ್ಕೆ ನಿಂತವು. 2025ರ ಮೇ ತಿಂಗಳಲ್ಲಿ ರೆಡಿಸ್ 8ಕ್ಕೆ ಎಜಿಪಿಎಲ್ ಎಂಬ ಮುಕ್ತ ಪರವಾನಗಿಯ ಆಯ್ಕೆಯೂ ಸೇರಿತು.

ಬಳಕೆದಾರ ಸಂಸ್ಥೆಗಳ ಮೇಲಿನ ಪರಿಣಾಮ

ರೆಡಿಸ್ಸನ್ನು ಆಂತರಿಕ ಕೆಲಸಕ್ಕಷ್ಟೇ ಬಳಸುವ ಬ್ಯಾಂಕಿನಂತಹ ಸಂಸ್ಥೆಗೆ 2024ರ ನಿಯಮಗಳಿಂದ ನೇರ ತಡೆ ಉಂಟಾಗಲಿಲ್ಲ. ಅದನ್ನೇ ಇತರರಿಗೆ ಸೇವೆಯಾಗಿ ನೀಡುವವರು ಮಾತ್ರ ಒಪ್ಪಂದ ಮಾಡಿಕೊಳ್ಳಬೇಕಾಯಿತು, ಇಲ್ಲವೇ ಬೇರೆ ದಾರಿ ನೋಡಬೇಕಾಯಿತು. ಹಳೆಯ ಆವೃತ್ತಿಗಳಿಗೆ ಕೊಟ್ಟ ಅನುಮತಿ ರದ್ದಾಗದು. ಆದರೆ ಅಲ್ಲೇ ಉಳಿದವರಿಗೆ ಭದ್ರತಾ ತಿದ್ದುಪಡಿಗಳು ಸದಾ ದೊರೆಯುತ್ತವೆಂಬ ಭರವಸೆಯಿಲ್ಲ. ಎಜಿಪಿಎಲ್ ಕೂಡ ಎಲ್ಲರಿಗೂ ಒಗ್ಗದು. ತಿದ್ದಿದ ತಂತ್ರಾಂಶವನ್ನು ಜಾಲದ ಮೂಲಕ ಬಳಕೆಗೆ ಕೊಟ್ಟರೂ ಅದರ ಆಕರ ಸಂಕೇತವನ್ನು ಬಳಕೆದಾರರಿಗೆ ಒದಗಿಸಬೇಕೆಂಬ ಷರತ್ತಿನಿಂದಾಗಿ ಗೂಗಲ್ ಅದನ್ನು ತನ್ನೊಳಗೆ ನಿಷೇಧಿಸಿದೆ.

ಸಾಧನವನ್ನು ಆರಿಸುವಾಗ ಇಂದಿನ ಪರವಾನಗಿಯ ಜೊತೆಗೆ ಅದನ್ನು ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದೂ ಮುಖ್ಯವಾಗುತ್ತದೆ. ಲಿನಕ್ಸ್ ಕರ್ನೆಲ್‌ನ ಹಕ್ಕುಸ್ವಾಮ್ಯ ಸಾವಿರಾರು ಕೊಡುಗೆದಾರರಲ್ಲಿ ಹಂಚಿಹೋಗಿರುವುದರಿಂದ ಒಂದು ಕಂಪನಿಯ ನಿರ್ಧಾರದಿಂದ ಅದರ ಜಿಪಿಎಲ್ ಪರವಾನಗಿ ಬದಲಾಗಲಾರದು.